4×5 ಇಂಚಿನ ಶೀಟ್ ಫಿಲ್ಮ್‌ನಲ್ಲಿ ರಾತ್ರಿ ಚಿತ್ರ: ನೆಗೆಟಿವ್ ತೆಳು, ಮಧ್ಯಭಾಗ ಮಸುಕು

ಪ್ರಶ್ನೆ: ಫಿಲ್ಮ್ ಇಲ್ಫರ್ಡ್ ಕಂಪನಿಯ ಕಪ್ಪು-ಬಿಳುಪು ಎಫ್‌ಪಿ4 ಪ್ಲಸ್, ಅಪರ್ಚರ್ (ಲೆನ್ಸ್ ಕಿಂಡಿ) ಎಫ್/16. ಮೀಟರ್ ತೋರಿಸಿದ 60 ಸೆಕೆಂಡನ್ನೇ ಕೊಟ್ಟೆ. ನೆರಳಲ್ಲಿ ಏನೂ ಇಲ್ಲ, ಮಧ್ಯಭಾಗ ಬೇರೆ ಮಸುಕು. ಟ್ರೈಪಾಡ್ ಅಲುಗಿಲ್ಲ.

ಉತ್ತರ 1: ತೆಳುವಾಗಿದ್ದು ರೆಸಿಪ್ರಾಸಿಟಿ ಫೇಲ್ಯೂರ್‌ನಿಂದ, ಅಂದರೆ ಮಂದ ಬೆಳಕಲ್ಲಿ ಫಿಲ್ಮ್ ಸೋಮಾರಿ, ಮೀಟರ್ ಹೇಳಿದ್ದಕ್ಕಿಂತ ಹೆಚ್ಚು ಹೊತ್ತು ಬೇಕು. ಈ ಫಿಲ್ಮ್‌ಗೆ ಇಲ್ಫರ್ಡ್ ಕೊಡುವ ಘಾತ 1.26. 60ರ 1.26ನೇ ಘಾತ ಅಂದರೆ ಸುಮಾರು 174 ಸೆಕೆಂಡ್, ಅಷ್ಟು ಕೊಡಬೇಕಿತ್ತು. ಡೆವಲಪಿಂಗ್ ಹೆಚ್ಚಿಸಿ ಸರಿಮಾಡಲು ಹೋಗಬೇಡಿ, ದೀಪಗಳಷ್ಟೇ ಇನ್ನೂ ಸುಟ್ಟುಹೋಗುತ್ತವೆ.

ಉತ್ತರ 2: ಮಸುಕಿಗೆ ಕಾರಣ ಬಹುಶಃ ಹೋಲ್ಡರ್‌ನೊಳಗೆ (ಫಿಲ್ಮ್ ಹಾಳೆ ಇಡುವ ಚೌಕಟ್ಟು) ಉಬ್ಬಿದ ಫಿಲ್ಮ್. ತೇವದ ಗಾಳಿ ತಾಗಿದರೆ ಹೀಗಾಗುತ್ತೆ. ಹೋಲ್ಡರನ್ನು ಕ್ಯಾಮೆರಾಗೆ ಹಾಕಿ, ಶಟರ್ ಮುಚ್ಚಿರುವಾಗಲೇ ಡಾರ್ಕ್ ಸ್ಲೈಡ್ (ಫಿಲ್ಮ್‌ಗೆ ಬೆಳಕು ತಾಗದಂತೆ ತಡೆಯುವ ತಗಡು) ಎಳೆದು, ಫಿಲ್ಮ್ ಗಾಳಿಗೆ ಹೊಂದಿಕೊಳ್ಳಲು ಎರಡು ನಿಮಿಷ ಹಾಗೇ ಬಿಡಿ. ಆಮೇಲೆ ಲೆನ್ಸ್ ಮುಂದೆ ಕಪ್ಪು ರಟ್ಟು ಹಿಡಿದು ಶಟರ್ ‘ಟಿ’ಯಲ್ಲಿ (ಮತ್ತೆ ಒತ್ತುವವರೆಗೆ ತೆರೆದೇ ಇರುವ ಸೆಟ್ಟಿಂಗ್) ತೆರೆಯಿರಿ, ಅಲುಗಾಟ ನಿಂತಮೇಲೆ ರಟ್ಟು ಸರಿಸಿ.

ಉತ್ತರ 3: ಫೋಕಸನ್ನೂ ಅನುಮಾನಿಸಿ. ಗ್ರೌಂಡ್ ಗ್ಲಾಸ್ (ಫೋಕಸ್ ನೋಡುವ ಹಿಂದಿನ ಮಸುಕು ಗಾಜು) ಕತ್ತಲಾಗಿದ್ದರೆ ದೃಶ್ಯದಲ್ಲಿ ಟಾರ್ಚ್ ಇಟ್ಟು ಲೂಪ್ (ಭೂತಗನ್ನಡಿ) ಹಿಡಿದು ನೋಡಿ.