ಹೊಸ ಡಿಸ್ಕ್, ಹೊಸ ಪ್ಯಾಡ್ ಹಾಕಿದ ಮೇಲೂ ಬ್ರೇಕ್ ಒತ್ತಿದರೆ ಸ್ಟೀರಿಂಗ್ ನಡುಗುತ್ತೆ

ಲೋಡ್‌ಗಾಡಿ: ಸಾಮಾನು ಸಾಗಿಸುವ ವ್ಯಾನ್, ಲೋಡ್ ಸೇರಿ ಸುಮಾರು 3 ಟನ್. ಉದ್ದನೆ ಇಳಿಜಾರಿನಲ್ಲಿ ಬ್ರೇಕ್ ಕೈಕೊಡುತ್ತಿತ್ತು ಅಂತ ಮುಂದಿನ ಚಕ್ರಗಳಿಗೆ ಸ್ಲಾಟೆಡ್ (ಮೇಲೆ ಗೀರು ಕೊರೆದ) ಡಿಸ್ಕ್, ಸೆಮಿ ಮೆಟಾಲಿಕ್ (ಲೋಹ ಬೆರೆಸಿದ) ಪ್ಯಾಡ್ ನಾನೇ ಹಾಕಿದೆ. 5,000 ಕಿ.ಮೀ. ಚೆನ್ನಾಗಿತ್ತು. ಈಗ 80ರಲ್ಲಿ ಬ್ರೇಕ್ ಒತ್ತಿದರೆ ಸ್ಟೀರಿಂಗ್ ಗಡಗಡ. ವರ್ಕ್‌ಶಾಪಿನವರು ‘ಡಿಸ್ಕ್ ಸೊಟ್ಟ ಆಗಿದೆ, ಬದಲಾಯಿಸಿ’ ಅಂದರು. ಇನ್ನೂ ದೊಡ್ಡ ಡಿಸ್ಕ್ ಹಾಕೋಣವೇ?

ಹಳೇಪಾನಾ: ತಡೀರಿ ಸರ್, ಇನ್ನೂ ಏನೂ ಕೊಳ್ಳಬೇಡಿ. ಮೂರು ಪ್ರಶ್ನೆ. ಹಳೇ ಡಿಸ್ಕ್ ಬಿಚ್ಚಿದಾಗ ಹಬ್ ಮುಖದ (ಡಿಸ್ಕ್ ಕೂರುವ ಜಾಗ) ತುಕ್ಕು ಕೆರೆದಿರಾ? ಚಕ್ರದ ನಟ್ ಬಿಗಿ ಮಾಡಿದ್ದು ಟಾರ್ಕ್ ರೆಂಚಿನಲ್ಲೋ (ಬಿಗಿತ ಅಳೆಯೋ ಪಾನಾ), ಗಾಳಿ ಗನ್ನಿನಲ್ಲೋ? ಮೊದಲು ಇಳಿಜಾರಿನಲ್ಲಿ ಕೈಕೊಟ್ಟಾಗ ಪೆಡಲ್ ಗಟ್ಟಿಯಾಗಿತ್ತೇ, ಇಲ್ಲ ಮೆತ್ತಗಾಗಿ ಕೆಳಗೆ ಹೋಗುತ್ತಿತ್ತೇ?

ಲೋಡ್‌ಗಾಡಿ: ಹಬ್ ಅನ್ನು ಬಟ್ಟೆಯಲ್ಲಿ ಒರೆಸಿದೆ, ಅಷ್ಟೆ. ನಟ್ ಗನ್ನಿನಲ್ಲೇ. ಪೆಡಲ್ ಮೆತ್ತಗಾಗುತ್ತಿತ್ತು, ಎರಡು ಸಲ ಪಂಪ್ ಮಾಡಿದರೆ ಹಿಡಿಯುತ್ತಿತ್ತು. ಬ್ರೇಕ್ ಆಯಿಲ್ ಬದಲಾಯಿಸಿ 4 ವರ್ಷ ಆಯಿತು.

ಹಳೇಪಾನಾ: ಹಾಗಾದರೆ ನಿಮ್ಮದು ಒಂದಲ್ಲ, ಎರಡು ಕಾಯಿಲೆ.

ಮೊದಲು ನಡುಕ. ಡಿಸ್ಕ್ ಬಿಸಿಗೆ ಸೊಟ್ಟಗಾಗಿರೋದು ನಾನು ನೋಡಿದ್ದು ಬಹಳ ಅಪರೂಪ. ಹಬ್ ಮೇಲೆ ತುಕ್ಕಿನ ಒಂದು ಚಕ್ಕೆ ಉಳಿದರೂ ಡಿಸ್ಕ್ ಓರೆಯಾಗಿ ಕೂರುತ್ತೆ. ಚಕ್ಕೆ ಕೂದಲೆಳೆಯಷ್ಟಿದ್ದರೂ ಡಿಸ್ಕಿನ ಅಂಚಿನಲ್ಲಿ ಓಲಾಟ ಅದಕ್ಕಿಂತ ಹೆಚ್ಚು. ಬ್ರೇಕ್ ಒತ್ತದೆ ಓಡುವಾಗಲೂ ಪ್ರತಿ ಸುತ್ತಿಗೆ ಒಂದೇ ಜಾಗ ಪ್ಯಾಡಿಗೆ ತಾಗಿ ಸವೆಯುತ್ತೆ. ಸಾವಿರಾರು ಕಿ.ಮೀ. ಆದ ಮೇಲೆ ಡಿಸ್ಕಿನ ದಪ್ಪವೇ ಒಂದೊಂದು ಕಡೆ ಒಂದೊಂದು ಥರ ಆಗುತ್ತೆ. ನಿಮ್ಮ ಕೈಗೆ ಗೊತ್ತಾಗ್ತಿರೋದು ಆ ದಪ್ಪದ ವ್ಯತ್ಯಾಸ, 0.02 ಮಿ.ಮೀ. ಇದ್ದರೂ ಸಾಕು. ಹಾಕಿದ ದಿನ ಚೆನ್ನಾಗಿದ್ದು ಈಗ ಕೆಟ್ಟಿರೋದು ಅದಕ್ಕೇ.

ಅಳೆಯೋದು ಹೀಗೆ: ಮೊದಲು ಚಕ್ರದ ಬೇರಿಂಗಿನಲ್ಲಿ ಆಟ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಡಿಸ್ಕನ್ನು ಎಲ್ಲ ನಟ್ ಹಾಕಿ ವಾಷರ್ ಸಮೇತ ಬಿಗಿ ಮಾಡಿ (ಒಂದು ಸಣ್ಣ ಸ್ಕ್ರೂ ಮೇಲೆ ನಿಂತ ಡಿಸ್ಕ್ ಅಳೆದರೆ ಸುಳ್ಳು ಲೆಕ್ಕ ಬರುತ್ತೆ), ಹೊರ ಅಂಚಿನಿಂದ 10 ಮಿ.ಮೀ. ಒಳಗೆ ಡಯಲ್ ಗೇಜ್ (ಓಲಾಟ ಅಳೆಯೋ ಮಾಪಕ) ಇಟ್ಟು ಡಿಸ್ಕ್ ತಿರುಗಿಸಿ. ನಿಮ್ಮ ಗಾಡಿಯ ಮ್ಯಾನುಯಲ್ ಮಿತಿ ನೋಡಿ, ನಾನಂತೂ ಓಲಾಟ 0.05 ಮಿ.ಮೀ. ದಾಟಿದರೆ ಒಪ್ಪಲ್ಲ. ಆಮೇಲೆ ಮೈಕ್ರೋಮೀಟರ್‌ನಲ್ಲಿ ಸುತ್ತ 8 ಕಡೆ ದಪ್ಪ ಅಳೆಯಿರಿ.

ಎರಡನೇದು ಇಳಿಜಾರಿನ ಕಥೆ. ಪೆಡಲ್ ಗಟ್ಟಿ ಇದ್ದೂ ಗಾಡಿ ನಿಲ್ಲದಿದ್ದರೆ ಪ್ಯಾಡ್ ಸೋತಿದೆ ಅಂತ. ಪೆಡಲ್ ಕೆಳಗೆ ಹೋದರೆ ಆಯಿಲ್ ಕುದಿದು ಆವಿ ಆಗ್ತಿದೆ ಅಂತ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತೆ. ಡಾಟ್ 4 ದರ್ಜೆಯ ಆಯಿಲ್ ಹೊಸದರಲ್ಲಿ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ತಡೆಯಬೇಕು. ತೇವ ಕುಡಿದ ಮೇಲಿನ ಮಾನದಂಡ ಬರೀ 155. ಆಯಿಲ್ ಹೀಗಿರುವಾಗ ಎಂಥ ಡಿಸ್ಕ್ ಹಾಕಿದರೂ ಅಷ್ಟೇ.

ರಂಧ್ರಪ್ರಿಯ: ತೂತಿನ ಡಿಸ್ಕ್ ಹಾಕಿದರೆ ತಂಪಾಗಿರುತ್ತೆ ಅಲ್ವಾ?

ಹಳೇಪಾನಾ: ಲೋಡ್ ಹೊರೋ ಗಾಡಿಗೆ ಬೇಡ ಅಣ್ಣ. ತೂತು ಕೊರೆದಷ್ಟೂ ಬಿಸಿ ಹಿಡಿದಿಡೋ ಕಬ್ಬಿಣ ಕಡಿಮೆ, ಬಿರುಕು ಶುರುವಾಗೋದೂ ತೂತಿನ ಬಾಯಿಂದಲೇ. 3 ಟನ್ ಗಾಡಿಯನ್ನು 100ರಿಂದ ನಿಲ್ಲಿಸಲು ಸುಮಾರು 1,150 ಕಿಲೋಜೂಲ್ ಶಾಖ ಎಲ್ಲಾದರೂ ಹೋಗಬೇಕು, 80ರಿಂದಾದರೆ 740. ಅದಕ್ಕೆ ಬೇಕಿರೋದು ದಪ್ಪನೆ ಡಿಸ್ಕ್, ಅದರ ಒಳಗೆ ಗಾಳಿ ಓಡಾಡೋ ದಾರಿ. ಆ ದಾರಿಯ ರೆಕ್ಕೆಗಳು ಬಾಗಿದ್ದರೆ ಎಡ ಬಲ ಬೇರೆ ಬೇರೆ. ಮೇಲಿನ ಗೀರು ನೋಡಿ ಬದಿ ತೀರ್ಮಾನಿಸಬೇಡಿ, ಒಳಗಿನ ರೆಕ್ಕೆ ನೋಡಿ.

ಲೋಡ್‌ಗಾಡಿ: ಭಾನುವಾರ ಪೂರ್ತಿ ಇದೇ ಕೆಲಸ. ಬಲಗಡೆ ಓಲಾಟ 0.04, ಸರಿ ಇತ್ತು. ಎಡಗಡೆ 0.14! ಡಿಸ್ಕ್ ತೆಗೆದರೆ ಹಬ್ ಮೇಲೆ ಎರಡು ಸ್ಟಡ್ (ನಟ್ ಕೂರುವ ಬೋಲ್ಟ್) ನಡುವೆ ತುಕ್ಕಿನ ಗಂಟು. ತಂತಿ ಬ್ರಷ್, ಉಪ್ಪುಕಾಗದದಲ್ಲಿ ಹೊಳೆಯುವ ತನಕ ಉಜ್ಜಿ ಮತ್ತೆ ಕೂರಿಸಿದೆ: 0.05. ದಪ್ಪದಲ್ಲಿ 0.03 ವ್ಯತ್ಯಾಸ ಉಳಿದಿದೆ. ಹೊಸ ಡಿಸ್ಕ್ ತರಲೇ?

ಹಳೇಪಾನಾ: ಬೇಡ. ಡಿಸ್ಕ್ ಮೇಲೆ ಕನಿಷ್ಠ ದಪ್ಪ ಅಚ್ಚು ಹಾಕಿರುತ್ತಾರೆ. ಅದಕ್ಕಿಂತ ಸಾಕಷ್ಟು ಮೇಲಿದ್ದರೆ ಲೇತ್‌ನಲ್ಲಿ ತೆಳ್ಳಗೆ ಹೊಡೆಸಿ. ಎಡ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತೋ ಭಾಗ) ಜಾರೋ ಪಿನ್ ಎಳೆದು ನೋಡಿದಿರಾ?

ಲೋಡ್‌ಗಾಡಿ: ಕೆಳಗಿನ ಪಿನ್ ಒಣಗಿ ಕಚ್ಚಿಕೊಂಡಿತ್ತು. ಒಳ ಪ್ಯಾಡ್ 8 ಮಿ.ಮೀ., ಹೊರಗಿನದು 10.

ಹಳೇಪಾನಾ: ಪಿನ್ ತೊಳೆದು ಬ್ರೇಕಿಗಂತಲೇ ಬರೋ ಸಿಲಿಕೋನ್ ಗ್ರೀಸ್ ಹಚ್ಚಿ. ಬೇರಿಂಗ್ ಗ್ರೀಸ್ ಹಚ್ಚಿದರೆ ರಬ್ಬರ್ ಊದಿಕೊಂಡು ಮತ್ತೆ ಕಚ್ಚುತ್ತೆ. ಆಯಿಲ್ ಪೂರ್ತಿ ಬದಲಿಸಿ ಗಾಳಿ ತೆಗೆಯಿರಿ, ಪೆಡಲ್ ಗಟ್ಟಿಯಾಗೋ ತನಕ ಗಾಡಿ ಕದಲಿಸಬೇಡಿ. ನಟ್ ನಕ್ಷತ್ರದ ಕ್ರಮದಲ್ಲಿ, ಟಾರ್ಕ್ ರೆಂಚಿನಲ್ಲೇ. ಆಮೇಲೆ ಖಾಲಿ ರಸ್ತೆಯಲ್ಲಿ 60ರಿಂದ 10ಕ್ಕೆ ಹತ್ತು ಸಲ ಇಳಿಸಿ, ಪೂರ್ತಿ ನಿಲ್ಲಿಸದೆ. ಬಿಸಿ ಡಿಸ್ಕ್ ಮೇಲೆ ಪ್ಯಾಡ್ ಒತ್ತಿ ನಿಂತರೆ ಅಲ್ಲೇ ಪ್ಯಾಡಿನ ಮಸಿ ಅಂಟುತ್ತೆ. ಕೊನೆಗೆ ಹತ್ತು ನಿಮಿಷ ಬ್ರೇಕ್ ಮುಟ್ಟದೆ ಓಡಿಸಿ ಆರಿಸಿ.

ಲೋಡ್‌ಗಾಡಿ: ಲೇತ್ ಆಯಿತು, ಆಯಿಲ್ ಆಯಿತು. ತೆಗೆದ ಆಯಿಲ್ ಕಾಫಿ ಡಿಕಾಕ್ಷನ್ ಬಣ್ಣ. ನಿನ್ನೆ ಪೂರ್ತಿ ಲೋಡಿನಲ್ಲಿ ಅದೇ ಇಳಿಜಾರು ಇಳಿದೆ, ಪೆಡಲ್ ಕದಲಲಿಲ್ಲ, ಸ್ಟೀರಿಂಗೂ ಸುಮ್ಮನಿತ್ತು. ಆದರೆ ನಿಧಾನಕ್ಕೆ ನಿಲ್ಲಿಸುವಾಗ ಸಣ್ಣಗೆ ಸರ್ ಅನ್ನುತ್ತೆ.

ಹಳೇಪಾನಾ: ಅದು ಸ್ಲಾಟ್ ಮೇಲೆ ಪ್ಯಾಡ್ ಉಜ್ಜೋ ಸದ್ದು. ಅಭ್ಯಾಸ ಆಗುತ್ತೆ. 100 ಕಿ.ಮೀ. ಆದ ಮೇಲೆ ನಟ್ ಇನ್ನೊಮ್ಮೆ ಪರೀಕ್ಷಿಸಿ.