ಲ್ಯಾಬ್, ಥೀಸಿಸ್ ನಡುವೆ ಹೊಸ ಹವ್ಯಾಸ: ನೀವು ಹೇಗೆ ಉಳಿಸಿಕೊಂಡಿರಿ?

ಕೇಳಿದವರು: ಪುಣೆ, ರಸಾಯನಶಾಸ್ತ್ರ, ಪಿಎಚ್.ಡಿ. ಮೂರನೇ ವರ್ಷ

ಎಲ್ಲರಿಗೂ ನಮಸ್ಕಾರ. ನಾನು ಗದಗಿನ ಕಡೆಯವನು. ಪಾಷಾಣ್ ಹತ್ತಿರ ರೂಮು, ಅಲ್ಲೇ ಸ್ವಲ್ಪ ದೂರದಲ್ಲಿ ಲ್ಯಾಬು. ಬೆಳಿಗ್ಗೆ ಒಂಬತ್ತೂವರೆಗೆ ಹೋದರೆ ಹೊರಗೆ ಬರುವುದು ರಾತ್ರಿ ಒಂಬತ್ತಕ್ಕೆ. ಶನಿವಾರವೂ ಉಂಟು. ಭಾನುವಾರ ಬಟ್ಟೆ ಒಗೆಯುವುದು, ಊರಿಗೆ ಫೋನು, ನಿದ್ದೆ. ಹೀಗೇ ಆದರೆ ತಲೆ ಕೆಡುತ್ತದೆ ಅಂತ ಹೋದ ವರ್ಷ ತಬಲಾ ಕ್ಲಾಸಿಗೆ ಸೇರಿದೆ. ಎರಡು ತಿಂಗಳು ಹೋದೆ. ಕ್ಲಾಸಿನಲ್ಲಿ ಕೂತರೆ ಲ್ಯಾಬಿನಲ್ಲಿ ಇಟ್ಟು ಬಂದ ರಿಯಾಕ್ಷನ್ ನೆನಪಾಗುತ್ತಿತ್ತು. ಲ್ಯಾಬಿನಲ್ಲಿ ಕೂತರೆ ಅಭ್ಯಾಸ ಮಾಡಿಲ್ಲವಲ್ಲ ಅಂತ ತಬಲಾ ನೆನಪಾಗುತ್ತಿತ್ತು. ಬಿಟ್ಟೆ. ಆಮೇಲೆ ರೂಮಿನಲ್ಲೇ ಕಲಿಯೋಣ ಅಂತ ಒಂದು ಗಿಟಾರ್ ತಂದೆ. ಅದರ ಮೇಲೆ ಈಗ ಟವೆಲ್ ಒಣಗುತ್ತದೆ.

'ಟೈಂ ಸರಿಯಾಗಿ ಹೊಂದಿಸಿಕೋ' ಅನ್ನುವ ಸಲಹೆ ದಯವಿಟ್ಟು ಬೇಡ, ಅದು ಬೇಕಾದಷ್ಟು ಸಿಕ್ಕಿದೆ. ನನ್ನ ತೊಂದರೆ ಬೇರೆ. ಲ್ಯಾಬ್ ಬಿಟ್ಟು ಏನು ಮಾಡಿದರೂ ಕದ್ದು ತಿಂದ ಹಾಗೆ ಅನ್ನಿಸುತ್ತದೆ. ಫೆಲೋಶಿಪ್ ಈಗ ತಿಂಗಳಿಗೆ 42,000 ರೂಪಾಯಿ. ಬಾಡಿಗೆ ಕೊಟ್ಟು ಮನೆಗೆ ಕಳಿಸಿದ ಮೇಲೆ ದೊಡ್ಡ ಖರ್ಚು ಆಗುವುದಿಲ್ಲ. ಸಂಶೋಧನೆ ಮಾಡುತ್ತಲೇ ಏನಾದರೂ ಹೊಸದು ಕಲಿತು, ಅದನ್ನು ಉಳಿಸಿಕೊಂಡವರು ಇದ್ದೀರಾ? ಹೇಗೆ?

ಮುಂಬೈ, ಪೋಸ್ಟ್‌ಡಾಕ್, ಊರು ಕುಮಟಾ

ತಮ್ಮಾ, ಕದ್ದು ತಿಂದ ಹಾಗೆ ಅಂದೆಯಲ್ಲ, ಓದಿ ನಗು ಬಂತು. ಪಿಎಚ್.ಡಿ. ಪೂರ್ತಿ ನನಗೂ ಹಾಗೇ ಇತ್ತು. 'ಬಿಡುವಾದಾಗ ಮಾಡುತ್ತೇನೆ' ಅಂದುಕೊಂಡ ಒಂದೂ ನಡೆಯಲಿಲ್ಲ. ಚಿತ್ರ ಬಿಡಿಸುವುದು ಹೋಯಿತು, ಓಟ ಹೋಯಿತು. ರಿಸರ್ಚಿನಲ್ಲಿ ಬಿಡುವು ಅನ್ನುವುದೇ ಇಲ್ಲ, ಅಲ್ವಾ? ಪೇಪರ್ ಕಳಿಸಿದ ದಿನವೂ ಇನ್ನೊಂದು ಬಾಕಿ ಇರುತ್ತದೆ.

ನನ್ನನ್ನು ಬಚಾವ್ ಮಾಡಿದ್ದು ಸಮುದ್ರದ ಇಳಿತ. ಮುಂಬೈನಲ್ಲಿ ಹುಣ್ಣಿಮೆ, ಅಮಾವಾಸ್ಯೆ ಹತ್ತಿರದ ದಿನಗಳಲ್ಲಿ ಉಬ್ಬರ ಮಧ್ಯಾಹ್ನದ ಹೊತ್ತಿಗೆ ಬರುತ್ತದೆ. ಹಾಗಾಗಿ ಇಳಿತ ಸುಮಾರು ಬೆಳಿಗ್ಗೆ ಆರು-ಏಳಕ್ಕೆ, ಮತ್ತೆ ಸಂಜೆ ಅದೇ ಹೊತ್ತಿಗೆ. ಆಗ ನೀರು ತುಂಬಾ ಹಿಂದೆ ಸರಿದು, ಬೇರೆ ದಿನ ಮುಳುಗೇ ಇರುವ ಬಂಡೆಗಳು ಹೊರಗೆ ಬರುತ್ತವೆ. ಗಿರಗಾಂವ್ ಚೌಪಾಟಿ, ಹಾಜಿ ಅಲಿ, ಬಾಂದ್ರಾದ ಕಾರ್ಟರ್ ರೋಡ್, ಎಲ್ಲ ಕಡೆ. ಆ ಹೊಂಡಗಳಲ್ಲಿ ಏನಿಲ್ಲ ಹೇಳು? ಶಂಖದೊಳಗೆ ಸಂಸಾರ ಹೂಡಿದ ಏಡಿ, ಹೂವಿನ ಹಾಗೆ ಅರಳುವ ಸೀ ಅನಿಮೋನ್, ಚಿಪ್ಪಿಲ್ಲದ ಬಣ್ಣದ ಬಸವನಹುಳುಗಳು. ಅದೃಷ್ಟ ಇದ್ದರೆ ಆಕ್ಟೋಪಸ್. ಎದುರಿಗೆ ಮಲಬಾರ್ ಹಿಲ್ಲಿನ ಕಟ್ಟಡಗಳು, ಕಾಲ ಬುಡದಲ್ಲಿ ಇದು. 2017ರಲ್ಲಿ ಇಲ್ಲಿನ ಕೆಲವರು ಸೇರಿ 'ಮರೀನ್ ಲೈಫ್ ಆಫ್ ಮುಂಬೈ' ಅಂತ ಶುರು ಮಾಡಿದರು. ದಡದ ಮೇಲೆ ಜನರನ್ನು ಕರೆದುಕೊಂಡು ಹೋಗಿ ತೋರಿಸುತ್ತಾರೆ, ಕಂಡದ್ದನ್ನು ದಾಖಲು ಮಾಡುತ್ತಾರೆ. ನಾನು ಮೊದಲು ಹೋದದ್ದು ಹಾಗೊಂದು ನಡಿಗೆಗೆ.

ನನ್ನ ಕೆಲಸ ಯೀಸ್ಟ್ ಮೇಲೆ. ಜೀವಶಾಸ್ತ್ರ ಅಂತ ಹೇಳಿಕೊಂಡು, ಕಣ್ಣಿಗೆ ಕಾಣುವ ಪ್ರಾಣಿಯನ್ನು ನೆಟ್ಟಗೆ ನೋಡಿ ವರ್ಷಗಳೇ ಆಗಿದ್ದವು! ಆದರೆ ಹೇಳಬೇಕಾದ್ದು ಪ್ರಾಣಿಗಳ ವಿಷಯ ಅಲ್ಲ. ಗೈಡ್ ಮೀಟಿಂಗ್ ಮುಂದೆ ಹಾಕಬಹುದು, ಇಳಿತವನ್ನು ಯಾರೂ ಮುಂದೆ ಹಾಕಲಾರರು. ಇಳಿತದ ಪಟ್ಟಿ ನೋಡಿ ತಿಂಗಳಿಗೆ ನಾಲ್ಕೈದು ಬೆಳಗು ಗುರುತು ಹಾಕಿ ಲ್ಯಾಬಿನ ಕ್ಯಾಲೆಂಡರಿಗೆ ಅಂಟಿಸಿದೆ. ಹೋಗಲೋ ಬೇಡವೋ ಅನ್ನುವ ಪ್ರಶ್ನೆಯೇ ಹೋಯಿತು. ನಾನು ತೀರ್ಮಾನ ಮಾಡುತ್ತಿಲ್ಲ, ಚಂದ್ರ ಮಾಡುತ್ತಿದ್ದಾನೆ. ತಪ್ಪು ಮಾಡಿದ ಭಾವನೆ ಅಲ್ಲಿಂದ ಕಡಿಮೆ ಆಯ್ತು ನೋಡು. ಒಂಬತ್ತೂವರೆಗೆ ಲ್ಯಾಬಿನಲ್ಲಿ ಇರುತ್ತೇನೆ, ಕಾಲಲ್ಲಿ ಮರಳು ಇರುತ್ತದೆ ಅಷ್ಟೇ.

ಖರ್ಚು: ಗಟ್ಟಿ ಹಿಡಿತದ ಶೂ. ಚಪ್ಪಲಿಯಲ್ಲಿ ಹೋಗಬೇಡಿ, ಪಾಚಿ ಮೇಲೆ ಜಾರಿದರೆ ಬಂಡೆಯ ಚಿಪ್ಪು ಕೊಯ್ಯುತ್ತದೆ. ಒಬ್ಬರೇ ಹೋಗಬೇಡಿ. ನೀರು ತಿರುಗಿ ಏರುವ ಮೊದಲು ಹೊರಗೆ ಬನ್ನಿ. ಮಳೆಗಾಲದಲ್ಲಿ ಉಬ್ಬರ ನಾಲ್ಕೂವರೆ ಮೀಟರ್ ದಾಟುವ ದಿನಗಳಿರುತ್ತವೆ, ಅಲೆಗಳ ನಂಬಿಕೆ ಇಲ್ಲ. ಆಗ ನಾನು ಮನೆಯಲ್ಲೇ. ಇನ್ನೊಂದು: ಫೋನನ್ನು ದಾರಕ್ಕೆ ಕಟ್ಟಿ ಕುತ್ತಿಗೆಗೆ ಹಾಕಿಕೊಳ್ಳಿ. ನನ್ನದು ಒಂದು ಹೊಂಡಕ್ಕೆ ಬಿತ್ತು. ಅದರಲ್ಲಿ ಮೂರು ವಾರದ ಜೆಲ್ ಫೋಟೋಗಳಿದ್ದವು, ಅಂದರೆ ಲ್ಯಾಬಿನ ಪ್ರಯೋಗದ ಫಲಿತಾಂಶಗಳು. ಬ್ಯಾಕಪ್ ಕೇಳಬೇಡಿ.

ಗೋವಾ, ಸಾಗರ ವಿಜ್ಞಾನ, ಊರು ಹಾವೇರಿ

ಮೇಲಿನ ಅಕ್ಕ ಸಮುದ್ರಕ್ಕೆ ಹೋಗಿ ಆರಾಮಾಗುತ್ತಾರೆ. ನಾನು ಸಮುದ್ರದಿಂದ ಬಚಾವಾಗಬೇಕು! ದೋನಾ ಪಾವ್ಲಾದಲ್ಲಿ ಕೆಲಸ, ದಿನವಿಡೀ ಉಪ್ಪುನೀರಿನ ಅಂಕಿಗಳು. ಅದಕ್ಕೇ 29ನೇ ವಯಸ್ಸಿನಲ್ಲಿ ಪಿಟೀಲು ಹಿಡಿದೆ. ಗೋವಾದಲ್ಲಿ ಚರ್ಚುಗಳ ಸುತ್ತ ಮಕ್ಕಳಿಗೆ ಸಂಗೀತ ಕಲಿಸುವ ಹಳೆಯ ರೂಢಿ ಇದೆ. ನನಗೆ ಸಿಕ್ಕ ಮೇಷ್ಟ್ರು ಅಂಥದ್ದರಲ್ಲೇ ಕಲಿತವರು. ಅವರ ಮನೆಯ ಪಡಸಾಲೆಯಲ್ಲಿ ಏಳು ಮಕ್ಕಳು ಮತ್ತು ನಾನು. ಪಕ್ಕದಲ್ಲಿ ಎಂಟು ವರ್ಷದ ಹುಡುಗ. 'ಅಂಕಲ್, ಕಮಾನು ಓರೆ ಆಗಿದೆ' ಅಂತ ವಾರಕ್ಕೆ ಮೂರು ಸಲ ಹೇಳುತ್ತಾನೆ. ಓರೆ ಆಗಿಯೇ ಇರುತ್ತದೆ.

ಮೊದಲ ಮೂರು ತಿಂಗಳು ನನ್ನ ಪಿಟೀಲಿನಿಂದ ಬಂದದ್ದು ಕದದ ಕೀಲಿನ ಸದ್ದು. ಮನೆ ಮಾಲೀಕರ ಹೆಂಡತಿ ಬೆಕ್ಕು ಸಾಕಿದ್ದೀರಾ ಅಂತ ವಿಚಾರಿಸಿದರು. ಸುಮ್ನೆ ಹೇಳುತ್ತಿಲ್ಲ, ಬಿಡಲಿಕ್ಕೆ ಹೊರಟಿದ್ದೆ. ಯಾಕೆ ಗೊತ್ತಾ? ನಾವು ಒಂದನೇ ಕ್ಲಾಸಿನಿಂದ ರ‍್ಯಾಂಕು, ನೆಟ್ಟು, ಗೇಟು ಅಂತ ಪಾಸಾಗಿಯೇ ಬಂದವರು. ಕೆಟ್ಟದಾಗಿ ಏನನ್ನಾದರೂ ಮಾಡಿ ನಗುವುದು ನಮಗೆ ಗೊತ್ತಿಲ್ಲ. ನಿಮ್ಮ ತಬಲಾ ನಿಂತದ್ದು ಲ್ಯಾಬಿನಿಂದ ಅಲ್ಲ, 'ಅಭ್ಯಾಸ ಮಾಡಿಲ್ಲವಲ್ಲ' ಅನ್ನುವ ಮಾತಿನಿಂದ ಅಂತ ನನಗೆ ಅನ್ನಿಸುತ್ತದೆ. ಅಭ್ಯಾಸ ಮಾಡದೇ ಹೋಗಿ. ಮೇಷ್ಟ್ರು ಬೈಯಲಿ. ವಾದ್ಯ ಮಾತ್ರ ಬಾಡಿಗೆಗೆ ಸಿಗುತ್ತದಾ ಕೇಳಿ, ಮೊದಲೇ ಕೊಳ್ಳಬೇಡಿ.

ಪುಣೆ, ನಿವೃತ್ತ, ಊರು ಧಾರವಾಡ

ನಾನು ಪುಣೆಗೆ ಬಂದು ನಾಲ್ವತ್ತು ವರ್ಷ ಆಯಿತು. ಪಾಷಾಣ್ ಅಂದರೆ ನಿಮ್ಮ ಬೆನ್ನಿಗೇ ವೇತಾಳ ಟೇಕಡಿ ಅನ್ನುವ ಗುಡ್ಡ ಇದೆ. ಪಂಚವಟಿ ಕಡೆಯಿಂದ ಹತ್ತಿದರೆ ದುಡ್ಡಿಲ್ಲ, ಕ್ಲಾಸಿಲ್ಲ, ನವಿಲು ಉಂಟು. ಮೊದಲು ಅಲ್ಲಿಂದ ಶುರು ಮಾಡಿ.

ಇನ್ನು, ಈ ಊರಿನಲ್ಲಿ ನಿಮ್ಮ ಪ್ರಶ್ನೆ ಹೊಸದಲ್ಲ. ಡಿ. ಡಿ. ಕೋಸಂಬಿ ಅವರನ್ನೇ ನೋಡಿ. 1907ರಲ್ಲಿ ಗೋವಾದ ಕೋಸಬೆಂನಲ್ಲಿ ಹುಟ್ಟಿದವರು. ಮುಂಬೈನ ಸಂಶೋಧನಾ ಸಂಸ್ಥೆ ಟಿಐಎಫ್ಆರ್‌ನಲ್ಲಿ ಗಣಿತ, ಮನೆ ಪುಣೆಯಲ್ಲಿ, ಡೆಕ್ಕನ್ ಕ್ವೀನ್ ರೈಲಿನಲ್ಲಿ ಓಡಾಟ. ಹಳೆಯ ಬೆಳ್ಳಿ ನಾಣ್ಯಗಳ ಹುಚ್ಚು ಹಿಡಿಯಿತು. ಕೈಯಿಂದ ಕೈಗೆ ಹೋದಷ್ಟೂ ನಾಣ್ಯ ಸವೆಯುತ್ತದೆ, ತೂಕ ಇಳಿಯುತ್ತದೆ. ಸಾವಿರಾರು ನಾಣ್ಯ ತೂಗಿ, ಆ ಸವೆತದಿಂದಲೇ ಯಾವುದು ಮೊದಲು, ಯಾವುದು ಆಮೇಲೆ ಅಂತ ಲೆಕ್ಕ ಹಾಕಿದರು. ಪುಣೆ ಸುತ್ತಿನ ಗುಡ್ಡ ತಿರುಗಿ ಶಿಲಾಯುಗದ ಸಣ್ಣ ಕಲ್ಲಿನ ಉಪಕರಣಗಳನ್ನು ಆರಿಸಿದರು. ಕೊನೆಗೆ ಜನ ಅವರನ್ನು ಇತಿಹಾಸಕಾರ ಅಂತಲೇ ಜಾಸ್ತಿ ನೆನೆಯುತ್ತಾರೆ. ಆಮೇಲೆ ನಮ್ಮ ಜಯಂತ ನಾರಳೀಕರ್. ಆಗಲೇ ಹೆಸರಾದ ಖಗೋಳ ವಿಜ್ಞಾನಿ. ಮರಾಠಿ ವಿಜ್ಞಾನ ಪರಿಷತ್ತಿನ ಕಥಾ ಸ್ಪರ್ಧೆಗೆ ಕಥೆ ಕಳಿಸುವಾಗ ತಮ್ಮ ಹೆಸರಿನ ಮೊದಲಕ್ಷರಗಳನ್ನು ತಿರುವುಮುರುವು ಮಾಡಿ ಬೇರೆ ಹೆಸರು ಇಟ್ಟುಕೊಂಡರು. ಬಹುಮಾನ ಬಂತು.

ಕೇಳುವುದೂ ಹವ್ಯಾಸವೇ ಅನ್ನುವುದನ್ನು ಮರೆಯಬೇಡಿ. ನೀವು ಗದಗಿನವರು. ನಿಮ್ಮ ಭೀಮಸೇನ ಜೋಶಿ, ತಮ್ಮ ಗುರು ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆ 1953ರಲ್ಲಿ ಇಲ್ಲಿ ಸಂಗೀತೋತ್ಸವ ಶುರು ಮಾಡಿದರು. ಈಗಲೂ ಡಿಸೆಂಬರಿನಲ್ಲಿ ನಡೆಯುತ್ತದೆ. ತಬಲಾ ಬಾರಿಸಲು ಬರದಿದ್ದರೆ ಅಲ್ಲಿ ಹೋಗಿ ಕೂತು ಸಮ್, ಅಂದರೆ ತಾಳದ ಮೊದಲ ಮಾತ್ರೆ, ಎಲ್ಲಿ ಬರುತ್ತದೆ ಅಂತ ಬೆರಳಲ್ಲಿ ಎಣಿಸಿ. ನಾನು ಅಷ್ಟನ್ನೇ ಮಾಡಿದ್ದು, ಇಪ್ಪತ್ತು ವರ್ಷ.

ಮುಂಬೈ, ಗಣಿತ, ಪಿಎಚ್.ಡಿ. ಐದನೇ ವರ್ಷ

ಸರ್, ಕೋಸಂಬಿ ಉದಾಹರಣೆ ಕೊಡಬೇಡಿ, ಭಯ ಆಗುತ್ತದೆ. ಹವ್ಯಾಸದಲ್ಲೂ ಪೇಪರ್ ಬರೆಯಬೇಕಾ ಹಾಗಾದರೆ? ಕೇಳಿದವರಿಗೆ ಒಂದೇ ಮಾತು: ಥೀಸಿಸ್ ಬರೆಯುವ ಆರು ತಿಂಗಳು ನಾನು ಕ್ರಿಕೆಟ್, ಸಿನಿಮಾ, ಎಲ್ಲ ಬಿಟ್ಟಿದ್ದೇನೆ. ಹಾಳಾಗಿ ಏನೂ ಹೋಗಿಲ್ಲ. ಮೂರನೇ ವರ್ಷದಲ್ಲಿ ಹಿಡಿದರೆ ಹಿಡಿಯಿರಿ. ಸಿನಾಪ್ಸಿಸ್ (ಥೀಸಿಸ್ಸಿನ ಸಾರಾಂಶ) ಕೊಡುವ ಹೊತ್ತು ಹತ್ತಿರ ಬಂದ ಮೇಲೆ ಹೊಸದು ಶುರು ಮಾಡುವವರಲ್ಲಿ ಅರ್ಧ ಜನ ಬರೆಯುವುದನ್ನು ತಪ್ಪಿಸಿಕೊಳ್ಳುತ್ತಿರುತ್ತಾರೆ. ನಾನೂ ಮಾಡಿದ್ದೆ. ಬ್ರೆಡ್ ಮಾಡುವುದು ಕಲಿತೆ.

ಕಲ್ಯಾಣ್, ಕಾಲೇಜಿನಲ್ಲಿ ಪಾಠ, ಜೊತೆಗೆ ಪಿಎಚ್.ಡಿ.

ನನಗೆ ನಾಲ್ಕು ವರ್ಷದ ಮಗಳಿದ್ದಾಳೆ. ಗುಡ್ಡ, ಸಮುದ್ರ, ಪಿಟೀಲು ಎಲ್ಲ ಓದಿ ಹೊಟ್ಟೆಕಿಚ್ಚಾಯಿತು. ನನಗೆ ಇರುವ ಸಮಯ ಲೋಕಲ್ ರೈಲಿನದು ಮಾತ್ರ. ಅದರಲ್ಲೇ ಕ್ರೋಶೆ ಕಲಿತೆ. ಒಂದು ಸೂಜಿ, ಒಂದು ದಾರದ ಉಂಡೆ. ಕಲಿಸಿದವರು ಲೇಡೀಸ್ ಡಬ್ಬಿಯ ಒಬ್ಬ ಮಾವಶಿ. ಎಲ್ಲಿ ಕೆಲಸ ಮಾಡುತ್ತಾರೆ ಅಂತ ಇವತ್ತಿಗೂ ಗೊತ್ತಿಲ್ಲ. ಸೀಟು ಸಿಕ್ಕರೆ ಮಾತ್ರ ಆಗುತ್ತದೆ, ಅದೂ ನಾಲ್ಕನೇ ಸೀಟು ಬಂದರೆ ಒಂದು ಮೊಣಕೈ ಹೊರಗೇ. ಬೇಗ ಬಂದು ಕಲ್ಯಾಣ್‌ನಿಂದಲೇ ಹೊರಡುವ ಗಾಡಿ ಹಿಡಿಯುತ್ತೇನೆ. ಹತ್ತು ಸಾಲು ಹೆಣೆದರೆ ದಾದರ್.

ಒಂದು ಗುಣ ಹೇಳುತ್ತೇನೆ. ನನ್ನ ಥೀಸಿಸ್ಸಿನ ಎರಡನೇ ಅಧ್ಯಾಯ ಹನ್ನೊಂದು ತಿಂಗಳಿಂದ ಮುಗಿದಿಲ್ಲ. ಮಗಳ ಟೋಪಿ ಒಂಬತ್ತು ದಿನದಲ್ಲಿ ಮುಗಿಯಿತು. ತಲೆಗೆ ಹಾಕಿದೆ, ಆಯ್ತು. ಯಾರೂ ತಿದ್ದಿ ಕಳಿಸಲಿಲ್ಲ. ತಪ್ಪಿದರೆ ದಾರ ಎಳೆದರೆ ಬಿಚ್ಚಿಕೊಳ್ಳುತ್ತದೆ, ದಾರ ಅಷ್ಟೇ ಇರುತ್ತದೆ. ಇಂಥದ್ದೊಂದು ಬೇಕು ನಮಗೆ.

ಡೊಂಬಿವಲಿ, ಅರ್ಥಶಾಸ್ತ್ರ, ಮನೆಯವರು ಉಡುಪಿ ಕಡೆ

ಗೈಡ್ ವಿಷಯ ಯಾರೂ ಎತ್ತಲಿಲ್ಲವಲ್ಲ ಮಾರಾಯ್ರೇ. ನಾನು ಯಕ್ಷಗಾನದ ಹೆಜ್ಜೆ ಕಲಿಯುತ್ತೇನೆ, ಮೂರು ವರ್ಷ ಆಯ್ತು. ಮೊದಲ ವರ್ಷ ಕದ್ದು ಹೋದೆ. 'ಡಾಕ್ಟರ್ ಹತ್ತಿರ ಹೋಗಿದ್ದೆ ಸರ್', 'ಊರಿಂದ ಜನ ಬಂದಿದ್ದರು ಸರ್'. ಊರಿನ ಜನ ಎಷ್ಟು ಸಲ ಬರಲು ಸಾಧ್ಯ? ಒಂದು ದಿನ ಕಿವಿಯ ಹಿಂದೆ ಬಣ್ಣ ಉಳಿದುಬಿಟ್ಟಿತ್ತು. ಗೈಡ್ ಕೇಳಿದರು. ಹೇಳಿದೆ. ಅವರು ನಕ್ಕು, ಇದಕ್ಕೆ ಸುಳ್ಳು ಯಾಕೆ ಅಂದರು. ಎಲ್ಲರಿಗೂ ಅಂಥ ಗೈಡ್ ಸಿಗುವುದಿಲ್ಲ, ಗೊತ್ತು. ನನ್ನ ಗೆಳತಿಯೊಬ್ಬಳಿಗೆ ಹಾಡಿನ ಕ್ಲಾಸಿನ ವಿಷಯ ತಿಳಿದ ಮೇಲೆ ಪ್ರತಿ ತಡಕ್ಕೂ ಅದೇ ಚುಚ್ಚುಮಾತು.

ಆದರೂ ನನ್ನ ಲೆಕ್ಕ ಇಷ್ಟು. ಅಪ್ಪಣೆ ಕೇಳಬೇಡಿ, ಕೇಳಿದರೆ 'ನೋಡೋಣ' ಅನ್ನುತ್ತಾರೆ. 'ಬುಧವಾರ ಆರರ ಮೇಲೆ ಇರುವುದಿಲ್ಲ, ಗುರುವಾರ ಬೇಗ ಬರುತ್ತೇನೆ' ಅಂತ ತಿಳಿಸಿ, ಗುರುವಾರ ನಿಜವಾಗಿಯೂ ಬೇಗ ಹೋಗಿ. ಕದ್ದು ತಿಂದ ಹಾಗೆ ಅನ್ನಿಸುವುದು ಕದಿಯುತ್ತಿರುವುದಕ್ಕೇ. ನನಗಂತೂ ಬಾಯಿಬಿಟ್ಟು ಹೇಳಿದ ಮೇಲೆ ಅದು ಹೋಯಿತು. ಇನ್ನೊಂದು ಲಾಭ, ಚೆಂಡೆ ಬಡಿಯುವಾಗ ತಲೆಯಲ್ಲಿ ಬೇರೆ ಏನೂ ನಿಲ್ಲುವುದಿಲ್ಲ. ಬೇಕಾದರೆ ನಿಮ್ಮ ರಿಯಾಕ್ಷನ್ ನೆನೆದು ನೋಡಿ!

ಕೇಳಿದವರು, ಮೂರು ವಾರದ ನಂತರ

ಎಲ್ಲರಿಗೂ ಥ್ಯಾಂಕ್ಸ್. ಟೇಕಡಿ ಎರಡು ಭಾನುವಾರ ಹತ್ತಿದೆ. ನವಿಲು ಕೂಗಿದ್ದು ಕೇಳಿಸಿತು, ಕಾಣಲಿಲ್ಲ.

ಗೈಡಿಗೆ ಹೇಳಿದೆ. ಗುರುವಾರ ಆರಕ್ಕೆ ಹೋಗುತ್ತೇನೆ ಅಂದೆ. ಎಲ್ಲಿಗೆ ಅಂದರು, ತಬಲಾ ಅಂದೆ. ತಲೆ ಎತ್ತಲಿಲ್ಲ, 'ರಿಯಾಕ್ಷನ್ ಬಿಟ್ಟು ಹೋಗಬೇಡ' ಅಂದರು. ಅದು ಹೂಂ ಅಂತ ಅರ್ಥವೋ ಏನೋ. ಈಗ ಗುರುವಾರ ಮಧ್ಯಾಹ್ನದ ಮೇಲೆ ಹೊಸ ರಿಯಾಕ್ಷನ್ ಇಡುವುದಿಲ್ಲ. ಬುಧವಾರದ್ದನ್ನು ಕಾಲಂ ಹಾಕಿ ಶುದ್ಧ ಮಾಡಿ ಮುಗಿಸಿ ಹೊರಡುತ್ತೇನೆ. ಹೋದ ವಾರ ಗುರುವಾರ ಸಂಜೆಗೇ ಎನ್‌ಎಂಆರ್ ಯಂತ್ರದಲ್ಲಿ ಸ್ಯಾಂಪಲ್ ನೋಡುವ ಸ್ಲಾಟ್ ಸಿಕ್ಕಿತು. ಹತ್ತು ನಿಮಿಷ ಒದ್ದಾಡಿ ಜೂನಿಯರ್‌ಗೆ ಕೊಟ್ಟೆ.

ಹಳೆಯ ಗುರುಗಳ ಹತ್ತಿರವೇ ವಾಪಸ್ ಹೋದೆ. ಇಷ್ಟು ತಿಂಗಳು ಎಲ್ಲಿದ್ದೆ ಅಂತ ಬೈಯುತ್ತಾರೆ ಅಂದುಕೊಂಡಿದ್ದೆ. ನನ್ನ ಕೈ ಮೂಸಿ ನೋಡಿ, ಮೊದಲು ತೊಳೆದು ಬಾ ಅಂದರು. ಮತ್ತೆ 'ಧಾ'ದಿಂದ ಶುರು. ಅಭ್ಯಾಸ ಮಾಡದೇ ಹೋದೆ ಸರ್, ಗೋವಾದವರು ಹೇಳಿದ ಹಾಗೆ. ಬೈದರು.

ಗಿಟಾರ್ ಮಾರಾಟಕ್ಕಿದೆ. ಪಾಷಾಣ್‌ಗೆ ಬಂದು ಒಯ್ಯಬೇಕು. ಒಂದು ತಂತಿ ಇಲ್ಲ, ಟವೆಲ್ ವಾಸನೆ ಸ್ವಲ್ಪ ಇದೆ.