ಚಿನ್ನ ಯಾರದ್ದು ಮಾರಾಯ?

ನಮ್ಮ ಅಜ್ಜನ ಮನೆಯ ವಾಟ್ಸಾಪ್ ಗುಂಪಿನಲ್ಲಿ ಮೂವತ್ತೊಂದು ಜನ ಇದ್ದೇವೆ. ಮಾತಾಡುವುದು ಆರೇಳು ಜನ. ಉಳಿದವರು ಯಾರದ್ದಾದರೂ ಹುಟ್ಟುಹಬ್ಬಕ್ಕೆ ಕೇಕಿನ ಚಿತ್ರ ಹಾಕಲು ಮಾತ್ರ ಏಳುತ್ತಾರೆ. ಮೊನ್ನೆ ಶುಕ್ರವಾರ ದೊಡ್ಡ ಮಾವನ ಮಗ ಪ್ರಣವ 'ತ್ರೀ ಕಿಂಗ್ಸ್' ಸಿನಿಮಾದ ಲಿಂಕ್ ಹಾಕಿದ. 1999ರ ಸಿನಿಮಾ. 1991ರ ಮಾರ್ಚ್, ಕೊಲ್ಲಿ ಯುದ್ಧ ಆಗಷ್ಟೇ ಮುಗಿದಿದೆ. ಇರಾಕಿನವರು ಕುವೈತಿನಿಂದ ದೋಚಿದ ಚಿನ್ನವನ್ನು ತಾವು ದೋಚಲು ಅಮೆರಿಕದ ನಾಲ್ವರು ಸೈನಿಕರು ಹೊರಡುತ್ತಾರೆ. ಜಗಳ ಶುರುವಾದದ್ದು ಶನಿವಾರ ರಾತ್ರಿ. ಅಡಿಕೆ ರೇಟು, ಸ್ಟಿಕ್ಕರ್, ಎರಡು ಮದುವೆ ಕರೆಯೋಲೆ ತೆಗೆದು ಉಳಿದದ್ದನ್ನು ಇಲ್ಲಿ ಹಾಕಿದ್ದೇನೆ. ಹೆಸರುಗಳು ನನ್ನ ಫೋನಿನಲ್ಲಿ ಇರುವ ಹಾಗೇ.

ಪ್ರಣವ: ಯಾರಾದರೂ ನೋಡಿದಿರಾ? ಸೈನಿಕರ ದರೋಡೆ ಸಿನಿಮಾ ಅಂದರೆ ಇದು. ಬಾಕಿ ಎಲ್ಲ ಇದರ ಮುಂದೆ ಸಪ್ಪೆ.

ದಿವಾಕರ ಮಾವ: ಅರ್ಧ ಗಂಟೆ ನೋಡಿ ಬಂದ್ ಮಾಡಿದೆ. ಇದು ಸೈನಿಕರ ಸಿನಿಮಾ ಅಲ್ಲ. ಯೂನಿಫಾರ್ಮ್ ಹಾಕಿದ ಕಳ್ಳರ ಸಿನಿಮಾ.

(ಮಾವ 24 ವರ್ಷ ಸೇನೆಯ ಇಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದು ಸುಬೇದಾರ್ ಆಗಿ ನಿವೃತ್ತರಾದವರು. ಜಗಲಿಯಲ್ಲಿ ಚಪ್ಪಲಿಗಳ ಸಾಲು ತಪ್ಪಿದರೂ ಅವರಿಗೆ ಸಹಿಸುವುದಿಲ್ಲ.)

ಶ್ರೇಯಾ: ಅಪ್ಪಾ, ಅರ್ಧ ಗಂಟೆ ನೋಡಿ ಪೂರ್ತಿ ಸಿನಿಮಾದ ವಿಮರ್ಶೆಯಾ?

ದಿವಾಕರ ಮಾವ: ಅನ್ನ ಬೆಂದಿದೆಯಾ ನೋಡಲು ಒಂದು ಅಗುಳು ಹಿಚುಕಿದರೆ ಸಾಕು ಮಗಾ. ಮೊದಲ ದೃಶ್ಯದಲ್ಲೇ ಒಬ್ಬ ಇರಾಕಿ ದಿಬ್ಬದ ಮೇಲೆ ಬಿಳಿ ಬಟ್ಟೆ ಹಿಡಿದು ನಿಂತಿದ್ದಾನೆ. ಅಮೆರಿಕದ ಸೈನಿಕ ಹಿಂದಿರುಗಿ, ಈಗ ನಾವು ಗುಂಡು ಹೊಡೆಯುವುದಾ ಬೇಡವಾ ಅಂತ ಕೇಳುತ್ತಾನೆ. ಯಾರಿಗೂ ಗೊತ್ತಿಲ್ಲ. ಹೊಡೆದೇ ಬಿಡುತ್ತಾನೆ. ಉಳಿದವರು ಓಡಿ ಬಂದು ಹೆಣದ ಜೊತೆ ಫೋಟೋ. ಎಂತ ಇದು?

ಪ್ರಣವ: ಚಿಕ್ಕಪ್ಪ, ಸಿನಿಮಾ ಹೇಳುವುದೇ ಅದನ್ನು. ಯುದ್ಧ ಮುಗಿಯಿತು ಅಂತ ಮೇಲಿನವರು ಹೇಳಿದ್ದಾರೆ, ಕೆಳಗಿನವನ ಕೈಯಲ್ಲಿ ಇನ್ನೂ ಬಂದೂಕು ಉಂಟು. ನಗಬೇಕೋ ಬೇಡವೋ ಗೊತ್ತಾಗುವುದಿಲ್ಲ.

ದಿವಾಕರ ಮಾವ: ನನಗೆ ಗೊತ್ತಾಯಿತು. ನಗಲಿಲ್ಲ.

ಶ್ರೇಯಾ: ಮತ್ತೆ ಆ ಗುಂಡಿನ ದೃಶ್ಯ? ಅಲ್ಲಿವರೆಗಾದರೂ ನೋಡಿದ್ದೀರಾ?

ದಿವಾಕರ ಮಾವ: ನೋಡಿದೆ. ಅದು ಒಂದು ಸರಿ ಉಂಟು.

(ಇದು ನಮಗೆಲ್ಲ ಆಶ್ಚರ್ಯ. ಮಾವ ಯಾವ ಸಿನಿಮಾವನ್ನೂ ಹೊಗಳಿದ್ದು ನನಗೆ ನೆನಪಿಲ್ಲ.)

ದಿವಾಕರ ಮಾವ: ಗುಂಡು ಒಳಗೆ ಹೋದರೆ ಏನಾಗುತ್ತದೆ ಅಂತ ಆ ಮೇಜರ್ ಹುಡುಗರಿಗೆ ವಿವರಿಸುತ್ತಾನೆ. ಕ್ಯಾಮೆರಾ ಹೊಟ್ಟೆಯ ಒಳಗೇ ಹೋಗುತ್ತದೆ. ಪಿತ್ತ ತುಂಬುವುದು, ಕೀವು ಆಗುವುದು. ನಮ್ಮ ಸಿನಿಮಾದವರು ಹತ್ತು ಗುಂಡು ತಿಂದು ಎದ್ದು ಹಾಡುತ್ತಾರೆ. ಇಲ್ಲಿ ಒಂದು ಗುಂಡಿಗೂ ಲೆಕ್ಕ ಉಂಟು. ಅಷ್ಟು ಗೊತ್ತಿದ್ದವನು ಮತ್ತೆ ಯಾಕೆ ಕಳ್ಳತನಕ್ಕೆ ಹೊರಡುತ್ತಾನೆ ಅನ್ನುವುದು ನನ್ನ ಪ್ರಶ್ನೆ.

ಪ್ರಣವ: ಅವನ ವಾದ ಸುಲಭ. ಸದ್ದಾಂ ಕುವೈತಿನ ಶೇಖ್‌ಗಳಿಂದ ಕದ್ದ. ನಾವು ಸದ್ದಾಂನಿಂದ ತೆಗೆದುಕೊಂಡರೆ ಅದರಲ್ಲಿ ಪಾಪ ಏನು?

ದಿವಾಕರ ಮಾವ: ಪಾಪ ಪುಣ್ಯ ಆಮೇಲೆ. ಲೆಕ್ಕ ಹೇಳು. ಬ್ಯಾಂಕಿನ ಚಿನ್ನದ ಗಟ್ಟಿ ಒಂದಕ್ಕೆ 12 ಕಿಲೋ ಚಿಲ್ಲರೆ. ಎಂಬತ್ತು ಗಟ್ಟಿ ಸೇರಿದರೆ ಒಂದು ಟನ್. ಅದನ್ನು ಹೇಗೆ ಹೊತ್ತರು?

ಪ್ರಣವ: ಬ್ಯಾಗಿನಲ್ಲಿ. ಅದೂ ದುಬಾರಿ ಕಂಪನಿಯ ಫ್ಯಾಷನ್ ಬ್ಯಾಗು. ಅವೂ ಕುವೈತಿನಿಂದ ಕದ್ದವೇ.

ದಿವಾಕರ ಮಾವ: ಹತ್ತು ಗಟ್ಟಿ ಹಾಕಿದರೆ ನೂರಿಪ್ಪತ್ತೈದು ಕಿಲೋ. ಕೈಯೇ ಕಿತ್ತು ಬರುತ್ತದೆ. ಬ್ಯಾಗಿನದ್ದೂ, ಹೊರುವವನದ್ದೂ.

ಪ್ರಣವ: ಹೊರಲು ಇರಾಕಿ ಸೈನಿಕರೇ ಸಹಾಯ ಮಾಡುತ್ತಾರೆ ಚಿಕ್ಕಪ್ಪ. ಅದೇ ತಮಾಷೆ. ಅವರಿಗೆ ಚಿನ್ನ ಹೋದರೆ ಹೋಗಲಿ, ಊರಿನ ದಂಗೆಕೋರರು ಕೈಗೆ ಸಿಕ್ಕಿದರೆ ಸಾಕು. ಅಲ್ಲಿಂದ ಸಿನಿಮಾ ತಿರುಗುತ್ತದೆ. 1991ರ ಫೆಬ್ರುವರಿಯಲ್ಲಿ ಅಮೆರಿಕದ ಅಧ್ಯಕ್ಷ ಬುಷ್ ಇರಾಕಿನ ಜನಕ್ಕೆ, ನೀವೇ ಎದ್ದು ಸದ್ದಾಂನನ್ನು ಇಳಿಸಿ ಅಂದಿದ್ದ. ದಕ್ಷಿಣದ ಶಿಯಾ ಜನ ನಂಬಿ ಎದ್ದರು. ಅಮೆರಿಕ ನೋಡುತ್ತಾ ನಿಂತಿತು. ಕದನವಿರಾಮದಲ್ಲಿ ಇರಾಕಿಗೆ ಹೆಲಿಕಾಪ್ಟರ್ ಹಾರಿಸಲು ಬಿಟ್ಟಿದ್ದರು. ಸದ್ದಾಂನ ಸೇನೆಯವರು ಅದೇ ಹೆಲಿಕಾಪ್ಟರ್‌ಗಳನ್ನು ಆ ಜನರ ಮೇಲೆ ಬಿಟ್ಟರು. ಸಿನಿಮಾದ ಊರಿಗೆ ಹಾಲಿನ ಟ್ಯಾಂಕರ್ ಬರುತ್ತದೆ. ಇರಾಕಿ ಸೈನಿಕರು ಅದಕ್ಕೆ ಗುಂಡು ಹೊಡೆಯುತ್ತಾರೆ. ಬೀದಿ ತುಂಬ ಹಾಲು. ಹಸಿದ ಜನ ನಿಂತು ನೋಡುತ್ತಾರೆ. ಅದರ ಮುಂದೆ ಚಿನ್ನ ಎಂತಕ್ಕೆ?

ಶ್ರೇಯಾ: ಕೊನೆ ಹೇಳಬೇಡ ಪ್ರಣವಣ್ಣ. ನಾನಿನ್ನೂ ಗಡಿ ತಲುಪಲಿಲ್ಲ.

ಪ್ರಣವ: ಗಡಿ ಅಂತ ನೀನೇ ಹೇಳಿಬಿಟ್ಟೆಯಲ್ಲ.

ನಾನು: ಆ ಬಣ್ಣ ಯಾಕೆ ಹಾಗೆ? ನನ್ನ ಟಿವಿ ಹಾಳಾಯಿತಾ ಅಂದುಕೊಂಡೆ. ಆಕಾಶ ಬಿಳಿ, ಮರಳು ಬಿಳಿ.

ಶ್ರೇಯಾ: ಬೇಕಂತಲೇ ಅಕ್ಕ. ಸ್ಲೈಡ್ ಫೋಟೋಕ್ಕೆ ಬಳಸುವ ಫಿಲ್ಮ್‌ನಲ್ಲಿ ತೆಗೆದದ್ದು. ಅದನ್ನು ತೊಳೆದದ್ದೂ ಬೇರೆ ರೀತಿ. ಮರುಭೂಮಿಯೂ ಇರಾಕಿನದ್ದಲ್ಲ, ಹೆಚ್ಚಿನದ್ದು ಅರಿಜೋನಾ.

ಸುಮತಿ ಚಿಕ್ಕಮ್ಮ: ಬಣ್ಣ ಸರಿಯಾಗಿಯೇ ಉಂಟು. ಮಧ್ಯಾಹ್ನ ಹಾಗೆಯೇ ಕಾಣುವುದು.

(ಇಲ್ಲಿ ಎಲ್ಲರೂ ಒಮ್ಮೆ ತಡೆದರು. ಚಿಕ್ಕಮ್ಮ, ಅಂದರೆ ಮಾವನ ತಂಗಿ, 1990ರಲ್ಲಿ ಕುವೈತಿನಲ್ಲಿದ್ದರು ಅನ್ನುವುದು ನಮಗೆಲ್ಲ ಗೊತ್ತು. ಆದರೆ ಅವರು ಆ ಮಾತು ತೆಗೆಯುವುದು ಕಡಿಮೆ.)

ಪ್ರಣವ: ಅತ್ತೇ! ನೀವು ನೋಡಿದಿರಾ?

ಸುಮತಿ ಚಿಕ್ಕಮ್ಮ: ನಿನ್ನೆ ರಾತ್ರಿ ಪೂರ್ತಿ ನೋಡಿದೆ. ನಿದ್ದೆ ಬರಲಿಲ್ಲ.

ದಿವಾಕರ ಮಾವ: ನೀನು ಹೇಳು ಸುಮತಿ. ಕಳ್ಳರ ಸಿನಿಮಾ ಹೌದಲ್ವಾ?

ಸುಮತಿ ಚಿಕ್ಕಮ್ಮ: ಹೌದು ಅಣ್ಣ. ಆದರೆ ನೀನು ಹೇಳುವ ಕಾರಣಕ್ಕಲ್ಲ. ಪ್ರಣವ, ಸದ್ದಾಂ ಶೇಖ್‌ಗಳಿಂದ ಕದ್ದ ಅಂದೆಯಲ್ಲ. ಶೇಖ್‌ಗಳಿಂದ ಮಾತ್ರವಾ?

ಪ್ರಣವ: ಆ ಚಿನ್ನ ಅಲ್ಲಿಯ ಸೆಂಟ್ರಲ್ ಬ್ಯಾಂಕಿನದ್ದು ಅತ್ತೆ. ನಿಜದಲ್ಲೂ ಹಾಗೆಯೇ. ಯುದ್ಧ ಮುಗಿದ ಮೇಲೆ ಇರಾಕ್ ಅದನ್ನು ವಾಪಸ್ ಕೊಟ್ಟಿತು.

ಸುಮತಿ ಚಿಕ್ಕಮ್ಮ: ಬ್ಯಾಂಕಿನದ್ದು ವಾಪಸ್ ಬಂತು. ಅದಕ್ಕೆ ನಂಬರು ಇರುತ್ತದೆ. ಬರೆಯುತ್ತಿದ್ದೇನೆ, ತಡೆ. ಕನ್ನಡಕ ತರುತ್ತೇನೆ.

(ಹನ್ನೆರಡು ನಿಮಿಷ 'ಟೈಪಿಂಗ್' ಬಂದು ಹೋಗಿ ಮಾಡಿತು. ನಡುವೆ ದೊಡ್ಡ ಮಾವ ಎಲ್ಲಿಂದಲೋ ಒಂದು ಕೊಕ್ಕೋ ರೇಟು ಹಾಕಿದರು. ಯಾರೂ ನೋಡಲಿಲ್ಲ.)

ಸುಮತಿ ಚಿಕ್ಕಮ್ಮ: ಆಗಸ್ಟ್ 2, ಗುರುವಾರ. ಬೆಳಗ್ಗೆ ಹಾಲು ಕಾಯಿಸುವಾಗ ಸದ್ದು. ನಾವಿದ್ದದ್ದು ಸಾಲ್ಮಿಯಾದಲ್ಲಿ, ಎರಡು ರೂಮಿನ ಮನೆ. ನಿಮ್ಮ ಚಿಕ್ಕಪ್ಪನಿಗೆ ಗ್ಯಾರೇಜಿನಲ್ಲಿ ಕೆಲಸ. ಮೊದಲು ಅಂಗಡಿಗಳು ಖಾಲಿಯಾದವು. ಮತ್ತೆ ಶೋರೂಮ್. ಆಮೇಲೆ ಮನೆಗಳಿಗೆ ಬಂದರು. ನಾವು ಸೆಪ್ಟೆಂಬರಿನಲ್ಲಿ ಬಸ್ಸಿನಲ್ಲಿ ಹೊರಟದ್ದು. ಬಸ್ರಾ, ಬಾಗ್ದಾದ್, ಆಮೇಲೆ ಜೋರ್ಡಾನ್ ಗಡಿಯ ಟೆಂಟು. ಅಮ್ಮಾನ್‌ನಿಂದ ಏರ್ ಇಂಡಿಯಾ ವಿಮಾನ ಬೊಂಬಾಯಿಗೆ. ಒಬ್ಬೊಬ್ಬರಿಗೆ ಒಂದು ಚೀಲ. ಬಳೆಗಳನ್ನು ಲಂಗದ ಅಂಚಿನೊಳಗೆ ಹೊಲಿದುಕೊಂಡಿದ್ದೆ. ಬಾಕಿ ಎಲ್ಲ ಮನೆಯಲ್ಲೇ ಬಿಟ್ಟು, ಬೀಗ ಹಾಕಿ ಬಂದೆವು. ಬೀಗ ಹಾಕಿದ್ದಕ್ಕೆ ಈಗ ನಗು ಬರುತ್ತದೆ.

ಪ್ರಣವ: ಅಮ್ಮಾನ್‌ನಿಂದ 488 ವಿಮಾನ ಹಾರಿತ್ತು ಅತ್ತೆ. ಕುವೈತಿನಿಂದ ಸುಮಾರು 1.7 ಲಕ್ಷ ಜನ ಬಂದರು ಅಂತ ಓದಿದ್ದೇನೆ.

ಸುಮತಿ ಚಿಕ್ಕಮ್ಮ: ಲೆಕ್ಕ ನನಗೆ ಗೊತ್ತಿಲ್ಲ. ನಮ್ಮ ಸಾಲು ಉದ್ದ ಇತ್ತು.

ದಿವಾಕರ ಮಾವ: ಆದರೆ ನಿಮಗೆ ಪರಿಹಾರ ಬಂತಲ್ವಾ. ಡಾಲರಿನಲ್ಲಿ.

ಸುಮತಿ ಚಿಕ್ಕಮ್ಮ: ಬಂತು. ವರ್ಷಗಟ್ಟಲೆ ಅರ್ಜಿ, ಫೋಟೋ, ನೋಟರಿ. ಬಂದ ಹಣದಲ್ಲಿ ಬಾವಿಗೆ ಪಂಪು ಹಾಕಿಸಿದೆವು.

ಶ್ರೇಯಾ: ಆ ಹಣ ಇರಾಕಿನ ಎಣ್ಣೆ ಮಾರಿದ್ದರಿಂದ ಅಲ್ವಾ ಅತ್ತೆ? ವಿಶ್ವಸಂಸ್ಥೆ ಕತ್ತರಿಸಿ ಕೊಡುತ್ತಿತ್ತು. ಒಟ್ಟು 5,240 ಕೋಟಿ ಡಾಲರ್. ಕೊನೆಯ ಕಂತು ಕೊಟ್ಟದ್ದು 2022ರಲ್ಲಿ. ಅಂದರೆ ಸಿನಿಮಾದಲ್ಲಿ ಹಾಲು ಚೆಲ್ಲಿದಾಗ ನೋಡುತ್ತಾ ನಿಂತ ಜನ ಉಂಟಲ್ಲ, ಆ ಹಣ ಕಟ್ಟಿದ್ದು ಅವರೇ.

ದಿವಾಕರ ಮಾವ: ಶ್ರೇಯಾ, ಮಾತು ನೋಡಿಕೊಂಡು ಆಡು.

ಸುಮತಿ ಚಿಕ್ಕಮ್ಮ: ಬಿಡು ಅಣ್ಣ, ಅವಳು ಹೇಳಿದ್ದು ಸುಳ್ಳಲ್ಲ. ಬಾಗ್ದಾದ್ ದಾರಿಯಲ್ಲಿ ಒಬ್ಬ ಹೆಂಗಸು ಬಸ್ಸಿಗೆ ರೊಟ್ಟಿ ತಂದುಕೊಟ್ಟಿದ್ದಳು. ಹಣ ತೆಗೆದುಕೊಳ್ಳಲಿಲ್ಲ. ಪರಿಹಾರದ ಚೆಕ್ ಬಂದ ದಿನ ಅವಳ ನೆನಪಾಗಿತ್ತು. ಚೆಕ್ ವಾಪಸ್ ಕಳಿಸಲಿಲ್ಲ, ಅದೂ ನಿಜ.

(ಶ್ರೇಯಾ ಏನೋ ಹಾಕಿ ಅಳಿಸಿದಳು. 'ಈ ಸಂದೇಶ ಅಳಿಸಲಾಗಿದೆ' ಅಂತ ಮಾತ್ರ ಉಳಿಯಿತು.)

ಪ್ರಣವ: ಅತ್ತೆ, ಹಾಗಾದರೆ ಸಿನಿಮಾ ಒಳ್ಳೆಯದಾ ಕೆಟ್ಟದಾ? ಒಂದು ಮಾತು ಹೇಳಿ. ನಾನೂ ಚಿಕ್ಕಪ್ಪನೂ ಇದಕ್ಕೆ ಊಟ ಬಿಟ್ಟಿದ್ದೇವೆ.

ದಿವಾಕರ ಮಾವ: ನನ್ನ ಊಟ ಏಳೂವರೆಗೇ ಆಗಿದೆ.

ಸುಮತಿ ಚಿಕ್ಕಮ್ಮ: ಓಟ ಚೆನ್ನಾಗಿ ಉಂಟು. ಆ ವಿಚಾರಣೆಯ ದೃಶ್ಯದಲ್ಲಿ ಇರಾಕಿ ಅಧಿಕಾರಿ ತನ್ನ ಮಗು ಬಾಂಬಿಗೆ ಸತ್ತದ್ದು ಹೇಳುತ್ತಾನೆ. ಸೆರೆ ಸಿಕ್ಕ ಅಮೆರಿಕದವನ ಬಾಯಿಗೆ ಎಣ್ಣೆ ಹೊಯ್ಯುತ್ತಾನೆ. ಅದು ನೋಡಲು ಕಷ್ಟವಾಯಿತು. ಯಾರ ಪರ ಕುಳಿತುಕೊಳ್ಳಬೇಕು ಗೊತ್ತಾಗಲಿಲ್ಲ. ಆದರೆ ನೀನು ಕೇಳಿದ್ದಕ್ಕೆ ಹೇಳುತ್ತೇನೆ, ನಾನು ನೋಡಿದ್ದು ಸಿನಿಮಾ ಅಲ್ಲ.

ನಾನು: ಮತ್ತೆ?

ಸುಮತಿ ಚಿಕ್ಕಮ್ಮ: ಸಾಮಾನು. ಅವರು ಬಂಕರಿನೊಳಗೆ ಇಳಿಯುತ್ತಾರಲ್ಲ, ಅಲ್ಲಿ ಕುವೈತಿನಿಂದ ತಂದ ಟಿವಿ, ಫೋನು, ಬ್ಯಾಗು ಎಲ್ಲ ತುಂಬಿದೆ. ಇವರು ಅದನ್ನು ದಾಟಿ ಚಿನ್ನ ಎಲ್ಲಿ ಅಂತ ಹುಡುಕುತ್ತಾರೆ. ನಾನು ಅಲ್ಲೇ ನಿಲ್ಲಿಸಿದೆ. ಹಿಂದೆ ಮಾಡಿ ಮೂರು ಸಲ ನೋಡಿದೆ.

ಪ್ರಣವ: ಏನು ಹುಡುಕಿದಿರಿ ಅತ್ತೆ?

ಸುಮತಿ ಚಿಕ್ಕಮ್ಮ: ನಮ್ಮ ಟೂ-ಇನ್-ಒನ್. ಪ್ಯಾನಾಸೋನಿಕ್ ಕಂಪನಿಯದ್ದು, ಬೆಳ್ಳಿ ಬಣ್ಣ. ಅರಿಜೋನಾದಲ್ಲಿ ತೆಗೆದದ್ದು ಅಂತ ಶ್ರೇಯಾ ಈಗ ಹೇಳುತ್ತಿದ್ದಾಳೆ. ನಿನ್ನೆ ಗೊತ್ತಿದ್ದರೂ ಹುಡುಕುತ್ತಿದ್ದೆ ಅನ್ನಿಸುತ್ತದೆ.

ದಿವಾಕರ ಮಾವ: ಒಂದು ಟೇಪ್ ರೆಕಾರ್ಡರಿಗೆ ಇಷ್ಟಾ? ಮರುವರ್ಷ ಹೊಸದು ತಂದಿರಲ್ಲ.

ಸುಮತಿ ಚಿಕ್ಕಮ್ಮ: ಅದರೊಳಗೆ ಅಪ್ಪನ ಕ್ಯಾಸೆಟ್ ಇತ್ತು ಅಣ್ಣ.

(ಆ ಕಾಲದಲ್ಲಿ ಗಲ್ಫಿಗೆ ಕಾಗದದ ಬದಲು ಮಾತು ಕಳಿಸುತ್ತಿದ್ದರು. ಕ್ಯಾಸೆಟ್ಟಿನಲ್ಲಿ ಮಾತಾಡಿ, ರಜೆ ಮುಗಿಸಿ ಹೊರಟವರ ಕೈಯಲ್ಲಿ ಕೊಡುವುದು. ಅಜ್ಜ ತೀರಿಕೊಂಡದ್ದು 1989ರಲ್ಲಿ. ಅವರ ಸ್ವರ ಹೇಗಿತ್ತು ಅಂತ ನಮಗೆ ಮೊಮ್ಮಕ್ಕಳಿಗೆ ಗೊತ್ತಿಲ್ಲ.)

ದಿವಾಕರ ಮಾವ: ಅಪ್ಪ ಕ್ಯಾಸೆಟ್ ಕಳಿಸಿದ್ದು ನನಗೆ ಗೊತ್ತೇ ಇಲ್ಲ.

ಸುಮತಿ ಚಿಕ್ಕಮ್ಮ: ನೀನಾಗ ಲೇಹ್‌ನಲ್ಲಿದ್ದೆ.

ದಿವಾಕರ ಮಾವ: ಏನಿತ್ತು ಅದರಲ್ಲಿ? ಭಾಗವತಿಕೆ ಪದ್ಯವಾ?

ಸುಮತಿ ಚಿಕ್ಕಮ್ಮ: ಪದ್ಯ ಇಲ್ಲ. ಅಡಿಕೆ ಎಷ್ಟಾಯಿತು, ಯಾರಿಗೆ ಕೊಟ್ಟದ್ದು, ಎಷ್ಟು ಬರಲು ಬಾಕಿ. ಕೆಂಪಿ ಕರು ಹಾಕಿದ್ದು. ದಿವಾಕರ ಕಾಗದ ಹಾಕಲಿಲ್ಲ, ನಿನಗೆ ಹಾಕಿದ್ದಾನಾ ಅಂತ ಎರಡು ಸಲ ಕೇಳಿದ್ದರು. ಮತ್ತೆ ಮುಗಿಸುವುದು ಹೇಗೆ ಗೊತ್ತಾಗದೆ ಸುಮ್ನೆ ಕುಳಿತಿದ್ದರು. ಕೊನೆಗೆ ಒಂದು ನಿಮಿಷ ಮಳೆಯ ಸದ್ದು ಮಾತ್ರ.

(ನೀಲಿ ಗೆರೆ ಎಲ್ಲರಿಗೂ ಬಿದ್ದಿತ್ತು. ಒಬ್ಬರೂ ಬರೆಯಲಿಲ್ಲ. ಹನ್ನೊಂದೂ ಮುಕ್ಕಾಲಿಗೆ ಮಾವನ ಮೆಸೇಜ್ ಬಂತು.)

ದಿವಾಕರ ಮಾವ: ಪ್ರಣವ, ಲಿಂಕ್ ಇನ್ನೊಮ್ಮೆ ಹಾಕು. ಮೇಲೆ ಹೋಗಿದೆ, ಸಿಗುವುದಿಲ್ಲ. ಆ ಬಂಕರ್ ಎಷ್ಟನೇ ನಿಮಿಷದಲ್ಲಿ ಬರುತ್ತದೆ?